ಹಳೇ ಕಾರಿನ ಕ್ಯಾಲಿಪರ್ ಸೋರುತ್ತಿದ್ದರೆ: ಜಾಗ ಹಿಡಿಯುವುದು, ರಿಪೇರಿ, ಬದಲಾವಣೆ

ಹಳೇ ಕಾರಿನ ಬ್ರೇಕ್ ವಿಚಾರದಲ್ಲಿ ಪದೇಪದೇ ಕಿವಿಗೆ ಬೀಳುವ ದೂರು ಇದು: "ಹೊಸ ಪ್ಯಾಡ್ ಹಾಕಿಸಿದೆ, ಆಮೇಲಿಂದ ಚಕ್ರದ ಹತ್ತಿರ ಒದ್ದೆ." ಬೈಸಿಕೊಳ್ಳುವವನು ಪ್ಯಾಡ್ ಹಾಕಿದ ಮೆಕ್ಯಾನಿಕ್. ಅವನ ಕೈತಪ್ಪು ಇರಲೂಬಹುದು. ಆದರೆ ಬಹಳ ಸಲ ದೋಷ ಎರಡು ಮೂರು ಮಳೆಗಾಲ ಮೊದಲೇ ಕ್ಯಾಲಿಪರಿನ, ಅಂದರೆ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಭಾಗದ, ಪಿಸ್ಟನ್ನಿನ ಮೈಮೇಲೆ ಶುರುವಾಗಿರುತ್ತದೆ, ಹೊಸ ಪ್ಯಾಡ್ ಅದನ್ನು ಬಯಲಿಗೆ ತರುತ್ತದೆ ಅಷ್ಟೆ. ಅದು ಹೇಗೆ ಎಂಬುದು ತಲೆಗೆ ಹತ್ತಿದರೆ ಸೀಲು, ರಬ್ಬರಿನ ಕಿಟ್ ಸಾಕೋ, ಪಿಸ್ಟನ್ ಬೇಕೋ, ಇಡೀ ಕ್ಯಾಲಿಪರ್ ಬದಲಿಸಬೇಕೋ ಎನ್ನುವ ತೀರ್ಮಾನ ಸುಲಭ.

ಇಲ್ಲಿರುವುದು ಮುಂದೆ ಡಿಸ್ಕ್, ಹಿಂದೆ ಡ್ರಮ್ ಇರುವ ಸಣ್ಣ ಕಾರುಗಳಿಗೆ ಹೊಂದುವ ವಿವರ: ಝೆನ್, ಸ್ಯಾಂಟ್ರೋ, ವ್ಯಾಗನ್ ಆರ್, ಇಂಡಿಕಾ, ಆ ಪೀಳಿಗೆಯವು. ಇವುಗಳ ಕ್ಯಾಲಿಪರ್‌ಗೆ ಒಂದೇ ಪಿಸ್ಟನ್. ಪಿಸ್ಟನ್ ಒಳಗಿನ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ, ಅದರ ಎದುರೊತ್ತಿಗೆ ಕ್ಯಾಲಿಪರ್ ತಾನೇ ಪಿನ್ನುಗಳ ಮೇಲೆ ಜಾರಿ ಹೊರಗಿನ ಪ್ಯಾಡನ್ನೂ ಎಳೆದುಕೊಳ್ಳುತ್ತದೆ.

ಸೋರುವುದು ಖಚಿತವಾದ ಮೇಲೆ ಗಾಡಿ ಓಡಿಸಬೇಡಿ. "ಮೇಲಿಂದ ಆಯಿಲ್ ತುಂಬಿಸಿಕೊಂಡು ನಿಧಾನಕ್ಕೆ ಹೋದರಾಯಿತು" ಎಂಬ ಸಲಹೆ ಯಾರು ಕೊಟ್ಟರೂ ಕೇಳಬೇಡಿ. ಮುಂದಿನ ಚಕ್ರ ಎಳೆಯುವ ಹೆಚ್ಚಿನ ಸಣ್ಣ ಕಾರುಗಳಲ್ಲಿ ಬ್ರೇಕ್ ಲೈನು ಕತ್ತರಿಯಾಗಿ ಹಂಚಿರುತ್ತದೆ. ಬಲ ಮುಂದು ಮತ್ತು ಎಡ ಹಿಂದು ಒಂದು ಜೋಡಿ, ಉಳಿದೆರಡು ಇನ್ನೊಂದು. ಒಂದು ಜೋಡಿ ಖಾಲಿಯಾದರೂ ಇನ್ನೊಂದು ಹಿಡಿಯುತ್ತದೆ, ನಿಜ. ಆದರೆ ಪೆಡಲ್ ಅರ್ಧಕ್ಕಿಂತ ಕೆಳಗಿಳಿದ ಮೇಲೆ, ಅದೂ ಅರ್ಧ ಬಲದಲ್ಲಿ. ಜೋರು ಬ್ರೇಕಿನಲ್ಲಿ ಲೈನಿನೊಳಗಿನ ಒತ್ತಡ 70ರಿಂದ 100 ಬಾರ್‌ವರೆಗೆ ಏರಬಲ್ಲದು. ಜಿನುಗುತ್ತಿದ್ದ ಸೀಲು ಪೂರ್ತಿ ಬಿಟ್ಟುಕೊಡುವುದು ಆ ಹೊತ್ತಿನಲ್ಲೇ, ಅಂದರೆ ಬ್ರೇಕ್ ಅತಿ ಅಗತ್ಯವಾಗಿ ಬೇಕಾದಾಗ.

ಮಟ್ಟ ಇಳಿದದ್ದೆಲ್ಲ ಸೋರಿಕೆಯಲ್ಲ

ಪ್ಯಾಡ್ ಸವೆದಷ್ಟೂ ಪಿಸ್ಟನ್ ಹೊರಗೆ ಬರುತ್ತದೆ, ಅದರ ಹಿಂದೆ ಆದ ಖಾಲಿ ಜಾಗಕ್ಕೆ ಬ್ರೇಕ್ ಆಯಿಲ್ ಡಬ್ಬಿಯಿಂದ ಆಯಿಲ್ ಇಳಿಯುತ್ತದೆ. ಹೀಗಾಗಿ ತಿಂಗಳುಗಟ್ಟಲೆ ನಿಧಾನಕ್ಕೆ ಮ್ಯಾಕ್ಸ್ ಗೆರೆಯಿಂದ ಮಿನ್ ಗೆರೆಯ ಹತ್ತಿರ ಬರುವುದು ಸಹಜ. ಅದನ್ನು ಸುಮ್ಮನೆ ಟಾಪ್ ಅಪ್ ಮಾಡುತ್ತ ಹೋದರೆ, ಹೊಸ ಪ್ಯಾಡ್ ಹಾಕಿ ಪಿಸ್ಟನ್ ಹಿಂದೆ ದೂಡಿದ ದಿನ ಡಬ್ಬಿ ಉಕ್ಕಿ ಬಾನೆಟ್ಟಿನೊಳಗಿನ ಪೇಂಟ್ ಎದ್ದು ಬರುತ್ತದೆ. ಕೆಲವೇ ದಿನದಲ್ಲಿ ಕಣ್ಣಿಗೆ ಕಾಣುವಷ್ಟು ಇಳಿದರೆ ಮಾತ್ರ ಸೋರಿಕೆ ಎಂದುಕೊಳ್ಳಿ.

ಮಟ್ಟ ಇಳಿಯುತ್ತಿದೆ, ನಾಲ್ಕೂ ಚಕ್ರ ಒಣಗಿವೆ ಎಂದರೆ ಮಾಸ್ಟರ್ ಸಿಲಿಂಡರ್ (ಪೆಡಲಿನ ಒತ್ತನ್ನು ಆಯಿಲಿಗೆ ದಾಟಿಸುವ ಭಾಗ) ನೋಡಿ. ಅದರ ಹಿಂಬದಿಯ ಸೀಲು ಹೋದರೆ ಆಯಿಲ್ ನೇರವಾಗಿ ಪೆಡಲಿಗೆ ಬಲ ಕೂಡಿಸುವ ಬೂಸ್ಟರಿನ ಹೊಟ್ಟೆಗೆ ಇಳಿಯುತ್ತದೆ, ಒಂದು ಹನಿಯೂ ನೆಲಕ್ಕೆ ಬೀಳುವುದಿಲ್ಲ. ಮಾಸ್ಟರ್ ಸಿಲಿಂಡರಿನ ಎರಡು ನಟ್ ಸಡಿಲಿಸಿ ಅರ್ಧ ಇಂಚು ಮುಂದೆ ಎಳೆದು, ಬೂಸ್ಟರಿಗೆ ಕೂರುವ ಮುಖವನ್ನು ಬೆರಳಲ್ಲಿ ಸವರಿದರೆ ಗೊತ್ತಾಗುತ್ತದೆ. ಇಂಜಿನ್ ಆ ಆಯಿಲನ್ನು ವ್ಯಾಕ್ಯೂಮ್ ಪೈಪಿನಿಂದ ಎಳೆದುಕೊಂಡರೆ ಸೈಲೆನ್ಸರಿನಲ್ಲಿ ಬಿಳಿ ಹೊಗೆಯೂ ಕಾಣಬಹುದು. ಹಿಂದಿನ ಡ್ರಮ್ಮಿನೊಳಗಿನ ವೀಲ್ ಸಿಲಿಂಡರ್ (ಲೈನರುಗಳನ್ನು ಡ್ರಮ್ಮಿಗೆ ಒತ್ತುವ ಭಾಗ) ಇನ್ನೊಂದು ಅಡಗುತಾಣ. ಡ್ರಮ್ ಕಳಚದೆ ಅದರ ಬಗ್ಗೆ ಏನೂ ಹೇಳಲಾಗದು.

ಒದ್ದೆ ಯಾವುದರದು?

ಮುಂದಿನ ಚಕ್ರದ ಒಳಗಡೆ ಜಿಡ್ಡು ಕಂಡರೆ ಅದು ನಾಲ್ಕು ಕಡೆಯಿಂದ ಬಂದಿರಬಹುದು. ಆಕ್ಸೆಲ್ ಬೂಟ್ ಹರಿದಿದ್ದರೆ ದಪ್ಪನೆ ಕಪ್ಪು ಗ್ರೀಸ್ ಚಕ್ರದ ಸುತ್ತ ವೃತ್ತಾಕಾರವಾಗಿ ಎರಚಿರುತ್ತದೆ. ಶಾಕ್ ಅಬ್ಸಾರ್ಬರ್ ಸೋರಿದರೆ ಕೋಲಿನ ಮೇಲಿನಿಂದ ಕೆಳಕ್ಕೆ ಧೂಳು ಮೆತ್ತಿಕೊಂಡ ಜಿಡ್ಡಿನ ಪಟ್ಟೆ. ಇಂಜಿನ್ ಆಯಿಲ್ ಆದರೆ ಗಾಳಿಯ ಜೊತೆ ಹಿಂದಕ್ಕೆ ಹರಡಿರುತ್ತದೆ. ಬ್ರೇಕ್ ಆಯಿಲ್ ತೆಳ್ಳಗೆ, ಬೆರಳ ನಡುವೆ ಜಾರುವಂತೆ. ಹೊಸದು ತಿಳಿ ಹಳದಿ, ಹಳೆಯದು ಕಾಫಿ ಡಿಕಾಕ್ಷನ್ ಬಣ್ಣ. ಅದು ತಾಗಿದ ಕಡೆ ಪೇಂಟ್ ಉಬ್ಬಿರುತ್ತದೆ.

ಅನುಮಾನ ಉಳಿದರೆ ಒಂದು ಪರೀಕ್ಷೆ ಇದೆ, ಖರ್ಚಿಲ್ಲದ್ದು. ಬಿಳಿ ಟಿಶ್ಯೂ ಪೇಪರಿನಲ್ಲಿ ಒದ್ದೆಯನ್ನು ಒತ್ತಿ ತೆಗೆದು, ಆ ತುದಿಯನ್ನು ಗಾಜಿನ ಲೋಟದ ನೀರಿನ ಮೇಲೆ ಹಿಂಡಿ. ಡಾಟ್ 3, ಡಾಟ್ 4 ಬ್ರೇಕ್ ಆಯಿಲ್ ಗ್ಲೈಕಾಲ್ ಜಾತಿಯದು, ನೀರಿನೊಳಗೆ ಎಳೆ ಎಳೆಯಾಗಿ ಇಳಿದು ಬೆರೆತುಹೋಗುತ್ತದೆ. ಇಂಜಿನ್ ಆಯಿಲ್, ಶಾಕ್ ಅಬ್ಸಾರ್ಬರಿನ ಆಯಿಲ್ ಬೆರೆಯದೆ ಮೇಲೆ ಬಣ್ಣಬಣ್ಣದ ಪದರವಾಗಿ ತೇಲುತ್ತದೆ. ಪರೀಕ್ಷೆಗೆ ಬಳಸಿದ ಲೋಟವನ್ನು ಅಡುಗೆಮನೆಗೆ ವಾಪಸು ಒಯ್ಯಬೇಡಿ, ಬ್ರೇಕ್ ಆಯಿಲ್ ವಿಷ.

ಪೆಡಲ್ ಕೊಡುವ ಸುಳಿವು

ಪೆಡಲ್ ಸ್ಪಂಜಿನಂತೆ ಮೆತ್ತಗಿದ್ದು, ಎರಡು ಮೂರು ಸಲ ತುಳಿದರೆ ಸ್ವಲ್ಪ ಎದ್ದು ಬರುತ್ತದಾದರೆ ಒಳಗೆ ಗಾಳಿ ಇದೆ. ತುಳಿದು ಹಿಡಿದಾಗ ನಿಧಾನಕ್ಕೆ ಕೆಳಗಿಳಿಯುತ್ತ ಹೋಗುತ್ತದೆ, ಡಬ್ಬಿಯಲ್ಲಿ ಮಟ್ಟವೂ ಇಳಿಯುತ್ತಿದೆ ಎಂದರೆ ಹೊರಗೆಲ್ಲೋ ಸೋರುತ್ತಿದೆ. ಮಟ್ಟ ಹಾಗೇ ಇದ್ದು ಪೆಡಲ್ ಮಾತ್ರ ಇಳಿದರೆ ಮಾಸ್ಟರ್ ಸಿಲಿಂಡರಿನೊಳಗೇ ಆಯಿಲ್ ಹಿಂದಕ್ಕೆ ದಾಟುತ್ತಿದೆ, ಆಗ ಕ್ಯಾಲಿಪರಿನ ತಂಟೆಗೆ ಹೋಗುವ ಅಗತ್ಯವಿಲ್ಲ.

ಗಾಡಿ ಒಂದು ಕಡೆ ಎಳೆಯುತ್ತಿದ್ದರೆ ಎಳೆದ ದಿಕ್ಕಿನ ಎದುರು ಬದಿಯನ್ನು ಮೊದಲು ನೋಡಿ. ಎಡಗಡೆ ಪ್ಯಾಡ್ ಆಯಿಲ್ ಕುಡಿದು ಹಿಡಿತ ಕಳೆದುಕೊಂಡಿದ್ದರೆ ಬಲಗಡೆಯದು ಒಂದೇ ಹಿಡಿಯುತ್ತದೆ, ಕಾರು ಬಲಕ್ಕೆ ತಿರುಗುತ್ತದೆ. ಪಿಸ್ಟನ್ ಜಾಮ್ ಆಗಿ ಬಿಡದೇ ಇರುವ ದೋಷದಲ್ಲಿ ಇದು ತಿರುವುಮುರುವು: ಬ್ರೇಕ್ ಒತ್ತದಿದ್ದರೂ ಜಾಮ್ ಆದ ಕಡೆಗೇ ಎಳೆಯುತ್ತದೆ, ಆ ಚಕ್ರ ಮುಟ್ಟಲಾರದಷ್ಟು ಬಿಸಿ.

ಸೋರುವ ಜಾಗ ಹಿಡಿಯುವುದು

ಸಮತಟ್ಟಾದ ನೆಲ, ಹಿಂದಿನ ಚಕ್ರಗಳಿಗೆ ಕಲ್ಲು, ಜಾಕಿನ ಜೊತೆ ಸ್ಟ್ಯಾಂಡ್. ಕಾರಿನೊಂದಿಗೆ ಬಂದ ಜಾಕನ್ನೊಂದೇ ನಂಬಿ ಅದರಡಿ ಕೈ ತಲೆ ಹಾಕಬೇಡಿ. ಚಕ್ರ ಕಳಚಿ. ಹಳೇ ಪ್ಯಾಡಿನ ಪುಡಿಯಲ್ಲಿ ಆಸ್ಬೆಸ್ಟಾಸ್ ಇರಬಹುದು, ಆದ್ದರಿಂದ ಗಾಳಿ ಹೊಡೆದು ಊದುವ ಬದಲು ಒದ್ದೆ ಬಟ್ಟೆಯಿಂದ ಒರೆಸಿ. ಆಮೇಲೆ ಕ್ಯಾಲಿಪರ್, ಹೋಸ್ ಪೈಪ್, ಜೋಡಣೆಗಳನ್ನೆಲ್ಲ ಬ್ರೇಕ್ ಕ್ಲೀನರಿನಿಂದ ತೊಳೆದು ಪೂರ್ತಿ ಒಣಗಿಸಿ, ಮುಖಕ್ಕೆ ಹಚ್ಚುವ ಪೌಡರನ್ನು ತೆಳ್ಳಗೆ ಉದುರಿಸಿ. ಇಂಜಿನ್ ಸ್ಟಾರ್ಟ್ ಇರಲಿ, ಇನ್ನೊಬ್ಬರು ಪೆಡಲ್ ಬಲವಾಗಿ ಒತ್ತಿ ಒಂದು ನಿಮಿಷ ಹಿಡಿಯಲಿ. ಆಯಿಲ್ ಬಂದ ಜಾಗದಲ್ಲಿ ಪೌಡರ್ ಕಪ್ಪಗಾಗುತ್ತದೆ. ಕೆಳಗೆ ತೊಟ್ಟಿಕ್ಕುವ ಜಾಗ ಮುಖ್ಯವಲ್ಲ. ಅತಿ ಮೇಲೆ ಎಲ್ಲಿ ಒದ್ದೆಯಾಗಿದೆ ಅದೇ ಮೂಲ.

ಹೋಸ್ ಪೈಪ್ ಕ್ಯಾಲಿಪರಿಗೆ ಸೇರುವ ಬೋಲ್ಟಿನ ಬಳಿ ಒದ್ದೆಯಾದರೆ ನಿಮ್ಮ ಅದೃಷ್ಟ. ಅಲ್ಲಿ ಬೋಲ್ಟಿನ ತಲೆಯಡಿ ಒಂದು, ಪೈಪಿನ ಕಣ್ಣಿನಡಿ ಒಂದು, ಹೀಗೆ ಎರಡು ತಾಮ್ರದ ವಾಷರ್ ಇರುತ್ತವೆ. ಒಮ್ಮೆ ಬಿಗಿದಾಗ ಅವು ನಜ್ಜಾಗಿ ಕೂತುಬಿಡುತ್ತವೆ. ಬಿಚ್ಚಿ ಅದನ್ನೇ ಮತ್ತೆ ಹಾಕಿದರೆ ಜಿನುಗುತ್ತದೆ. ಹೊಸ ವಾಷರ್ ಹಾಕಿದರೆ ಮುಗಿಯಿತು. ಇನ್ನೂ ಬಿಗಿದು ನಿಲ್ಲಿಸುತ್ತೇನೆ ಎಂದು ಹಠ ಹಿಡಿದರೆ ಕ್ಯಾಲಿಪರಿನ ಥ್ರೆಡ್ ಹೋಗುತ್ತದೆ.

ಗಾಳಿ ತೆಗೆಯಲು ಇರುವ ಬ್ಲೀಡರ್ ನಿಪ್ಪಲಿನ ತುದಿಯಿಂದ ಬರುತ್ತಿದ್ದರೆ ಒಳಗಿನ ಕೋನ್ ಆಕಾರದ ತುದಿ ಅಥವಾ ಅದು ಕೂರುವ ಜಾಗ ಕೊಳೆ, ತುಕ್ಕು ಹಿಡಿದಿದೆ. ನಿಪ್ಪಲ್ ಬದಲಿಸಿ ನೋಡಿ. ಥ್ರೆಡ್ಡಿಗೆ ನಲ್ಲಿಯ ಟೆಫ್ಲಾನ್ ಟೇಪ್ ಸುತ್ತುವುದು ಬೇಡ. ಆಯಿಲ್ ನಿಲ್ಲಿಸುವುದು ತುದಿಯ ಕೋನೇ ಹೊರತು ಥ್ರೆಡ್ ಅಲ್ಲ. ಟೇಪಿನ ಚೂರು ಒಳಗೆ ಹೋದರೆ ಇನ್ನೊಂದು ತಲೆನೋವು. ಎಂ-ಸೀಲ್ ಮೆತ್ತಿದ ಕ್ಯಾಲಿಪರುಗಳೂ ಕಾಣಸಿಗುತ್ತವೆ. ಅಂಥದನ್ನು ಕಂಡರೆ ಉಳಿದ ಬ್ರೇಕ್ ಕೆಲಸವನ್ನೂ ಅನುಮಾನದಿಂದಲೇ ನೋಡಿ.

ಹೋಸ್ ಪೈಪಿನ ಲೋಹದ ತುದಿ ರಬ್ಬರನ್ನು ಕಚ್ಚಿಕೊಂಡಿರುವ ಕಡೆ ಒದ್ದೆ ಇದ್ದರೆ, ಅಥವಾ ಪೆಡಲ್ ಒತ್ತಿದಾಗ ಪೈಪಿನ ಮೈಯಲ್ಲಿ ಗುಳ್ಳೆ ಎದ್ದರೆ ಪೈಪ್ ಬದಲಿಸಬೇಕು, ಎರಡೂ ಬದಿಯದು.

ಇವೆಲ್ಲ ಒಣಗಿದ್ದು, ಪಿಸ್ಟನ್ನಿನ ಸುತ್ತಲಿನ ರಬ್ಬರ್ ಡಸ್ಟ್ ಬೂಟಿನ ಕೆಳ ಅಂಚಿನಿಂದ ಬರುತ್ತಿದೆಯೇ? ಮೊಂಡು ಮರದ ಕಡ್ಡಿಯಿಂದ ಬೂಟಿನ ಅಂಚನ್ನು ಸ್ವಲ್ಪ ಎತ್ತಿ. ಒಳಗೆ ಒಣಗಿರಬೇಕು. ಆಯಿಲ್ ನಿಂತಿದ್ದರೆ ಪಿಸ್ಟನ್ ಸೀಲು ದಾಟಿ ಬಂದಿದೆ, ಕ್ಯಾಲಿಪರ್ ಬಿಚ್ಚಲೇಬೇಕು.

ಪಿಸ್ಟನ್ನಿನ ಮೈಮೇಲಿನ ಕಥೆ

ಕ್ಯಾಲಿಪರಿನ ಸೀಲು ಪಿಸ್ಟನ್ನಿನ ಜೊತೆ ಓಡಾಡುವುದಿಲ್ಲ. ಚೌಕ ಅಡ್ಡಕೊಯ್ತದ ಆ ರಬ್ಬರ್ ಬಳೆ ಕ್ಯಾಲಿಪರಿನ ಒಳಗೋಡೆಯಲ್ಲಿ ಕೊರೆದ ಗ್ರೂವ್‌ನಲ್ಲಿ ಕೂತಿರುತ್ತದೆ. ಪಿಸ್ಟನ್ ಅದರ ಮೂಲಕ ಜಾರುತ್ತದೆ. ಬ್ರೇಕ್ ಒತ್ತಿದಾಗ ರಬ್ಬರ್ ಪಿಸ್ಟನ್ನನ್ನು ಹಿಡಿದುಕೊಂಡೇ ಸ್ವಲ್ಪ ಬಾಗುತ್ತದೆ, ಬಿಟ್ಟಾಗ ನೆಟ್ಟಗಾಗಿ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆಯುತ್ತದೆ. ಪ್ಯಾಡ್ ಡಿಸ್ಕಿನಿಂದ ಬಿಡಿಸಿಕೊಳ್ಳುವುದು ಇದರಿಂದಲೇ, ಬೇರೆ ಸ್ಪ್ರಿಂಗ್ ಇಲ್ಲ. ಹಿಂದಿನ ವೀಲ್ ಸಿಲಿಂಡರಿನಲ್ಲಿ ಹಾಗಲ್ಲ. ಅಲ್ಲಿ ರಬ್ಬರ್ ಕಪ್ ಪಿಸ್ಟನ್ನಿನ ಜೊತೆ ಸಿಲಿಂಡರಿನ ಗೋಡೆಗೆ ಉಜ್ಜುತ್ತ ಓಡಾಡುತ್ತದೆ, ಆದ್ದರಿಂದ ಅಲ್ಲಿ ಗೋಡೆ ನುಣುಪಾಗಿರಬೇಕು. ಕ್ಯಾಲಿಪರಿನಲ್ಲಿ ನುಣುಪಾಗಿರಬೇಕಾದ್ದು ಪಿಸ್ಟನ್ನಿನ ಮೈ ಮತ್ತು ಸೀಲು ಕೂರುವ ಗ್ರೂವ್. ಇದನ್ನು ತಿಳಿಯದೆ ಬಿಳಿಚಿದ ಗೋಡೆ ನೋಡಿ ಒಳ್ಳೇ ಕ್ಯಾಲಿಪರ್ ಎಸೆಯುವವರೂ ಇದ್ದಾರೆ, ಗುಳಿಬಿದ್ದ ಪಿಸ್ಟನ್ನಿಗೆ ಹೊಸ ಸೀಲು ಹಾಕಿ ಕಿಟ್ ಸರಿಯಿಲ್ಲ ಎಂದು ಅಂಗಡಿಯವನ ಜೊತೆ ಜಗಳಕ್ಕೆ ನಿಲ್ಲುವವರೂ ಇದ್ದಾರೆ.

ಈಗ ಹೊಸ ಪ್ಯಾಡಿನ ವಿಚಾರ. ಪ್ಯಾಡ್ ಸವೆದಂತೆ ಪಿಸ್ಟನ್ ಸೀಲಿನಿಂದ ಹೊರಗೆ ಬರುತ್ತ, ಆ ಹೊರ ಬಂದ ಭಾಗ ಡಸ್ಟ್ ಬೂಟಿನ ಆಸರೆಯಲ್ಲಿ ಇರುತ್ತದೆ. ಬೂಟ್ ಎಲ್ಲೋ ಸೀಳಿದ್ದರೆ ಮಳೆನೀರು, ಕೆಸರು ಒಳಗೆ ಹೋಗಿ ಕೂರುತ್ತದೆ. ಪಿಸ್ಟನ್ನಿನ ಕ್ರೋಮ್ ಪದರ ಚುಕ್ಕಿ ಚುಕ್ಕಿಯಾಗಿ ಎದ್ದು ಕೆಳಗಿನ ಉಕ್ಕು ತುಕ್ಕು ಹಿಡಿಯುತ್ತದೆ. ಆದರೂ ಸೋರುವುದಿಲ್ಲ, ಯಾಕೆಂದರೆ ಸೀಲು ಹಿಡಿದಿರುವುದು ಒಳಗಿನ ಒಳ್ಳೇ ಭಾಗವನ್ನು. ದಪ್ಪನೆ ಹೊಸ ಪ್ಯಾಡ್ ಹಾಕಲು ಪಿಸ್ಟನ್ನನ್ನು ಪೂರ್ತಿ ಹಿಂದೆ ದೂಡಿದ ದಿನ ಆ ತುಕ್ಕಿನ ಭಾಗ ಸೀಲಿನೊಳಗೆ ಬಂದು ಕೂರುತ್ತದೆ. ಅರದಂತೆ ಒರಟಾದ ಆ ಮೈ ಸೀಲಿನ ಅಂಚನ್ನು ಸ್ವಲ್ಪ ಸ್ವಲ್ಪವೇ ಕೊರೆಯುತ್ತದೆ, ಆಯಿಲ್ ಬರತೊಡಗುತ್ತದೆ. ಆದ್ದರಿಂದ ಪ್ಯಾಡ್ ಬದಲಿಸುವಾಗ ಪಿಸ್ಟನ್ ದೂಡುವ ಮೊದಲು ಬೂಟ್ ಸರಿಸಿ ಒಮ್ಮೆ ಟಾರ್ಚ್ ಬಿಟ್ಟು ನೋಡಿ. ಅಲ್ಲೇ ತುಕ್ಕು ಕಂಡರೆ ಆಗಲೇ ಕಿಟ್ ತರಿಸುವುದು ಜಾಣತನ.

ಕರಾವಳಿಯ ಗಾಡಿಗಳಲ್ಲಿ, ತಿಂಗಳುಗಟ್ಟಲೆ ನಿಂತೇ ಇರುವ ಗಾಡಿಗಳಲ್ಲಿ ಇದು ಬೇಗ. ಇನ್ನೊಂದು ಕಾರಣ ಒಳಗಿನಿಂದ: ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ವರ್ಷಗಟ್ಟಲೆ ಬದಲಿಸದಿದ್ದರೆ ಆ ನೀರು ಒಳಗಿನ ಲೋಹವನ್ನು ತಿನ್ನುತ್ತದೆ. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ, 3.7 ಶೇಕಡ ನೀರು ಸೇರಿದ ಸ್ಥಿತಿಗೆ ಅದೇ ಮಿತಿ 140. ಡಾಟ್ 4ಕ್ಕೆ 230 ಮತ್ತು 155. ಚಾರ್ಮಾಡಿಯಲ್ಲೋ ಆಗುಂಬೆಯಲ್ಲೋ ಪೂರ್ತಿ ಲೋಡಿನಲ್ಲಿ ಬ್ರೇಕ್ ತುಳಿಯುತ್ತಲೇ ಇಳಿದರೆ ಈ ಅಂತರ ಏನೆಂದು ಕಾಲಿಗೇ ಗೊತ್ತಾಗುತ್ತದೆ: ಆಯಿಲ್ ಕುದಿದು ಆವಿಯಾಗಿ ಪೆಡಲ್ ತಳಕ್ಕೆ ಹೋಗುತ್ತದೆ.

ಮೂರನೇ ಕಾರಣ ಅಪರೂಪ, ಆದರೆ ಘೋರ. ಯಾರೋ ಡಬ್ಬಿಗೆ ಇಂಜಿನ್ ಆಯಿಲ್ ಅಥವಾ ಪವರ್ ಸ್ಟೀರಿಂಗ್ ಆಯಿಲ್ ಸುರಿದಿರುತ್ತಾರೆ. ಬ್ರೇಕಿನ ರಬ್ಬರ್ ಪೆಟ್ರೋಲಿಯಂ ತಾಗಿದರೆ ಊದಿಕೊಳ್ಳುತ್ತದೆ. ಡಬ್ಬಿಯ ಮುಚ್ಚಳದೊಳಗಿನ ರಬ್ಬರ್ ನೋಡಿ. ಅದು ಉಬ್ಬಿ, ಸುಕ್ಕುಗಟ್ಟಿ, ಮತ್ತೆ ತನ್ನ ಜಾಗದಲ್ಲಿ ಕೂರಲು ಒಪ್ಪದಿದ್ದರೆ ಸಂಶಯಕ್ಕೆ ಸಾಕಷ್ಟು ಆಧಾರ. ಹಾಗಾಗಿದ್ದರೆ ಒಂದು ಕ್ಯಾಲಿಪರಿನ ಕಿಟ್ಟಿನಿಂದ ಏನೂ ಆಗದು. ಮಾಸ್ಟರ್ ಸಿಲಿಂಡರ್, ಹೋಸ್ ಪೈಪು, ವೀಲ್ ಸಿಲಿಂಡರ್, ಕ್ಯಾಲಿಪರ್ ಹೀಗೆ ರಬ್ಬರ್ ಇರುವುದೆಲ್ಲ ಬದಲಾಗಬೇಕು, ಲೋಹದ ಪೈಪುಗಳನ್ನು ತೊಳೆಯಬೇಕು.

ಬಿಚ್ಚುವ ಕ್ರಮ

ಮೊಟ್ಟಮೊದಲು ಬ್ಲೀಡರ್ ನಿಪ್ಪಲ್ ಸಡಿಲಾಗುತ್ತದೆಯೇ ನೋಡಿ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇಯನ್ನು ಬುಡಕ್ಕೆ ಮಾತ್ರ ಬಿಟ್ಟು, ಸುತ್ತಿಗೆಯಿಂದ ಹಗುರಾಗಿ ತಟ್ಟಿ, ಆರು ಮೂಲೆಯ ಸಾಕೆಟ್‌ನಿಂದ ತಿರುಗಿಸಿ. ಬಾಯಿ ತೆರೆದ ಸ್ಪ್ಯಾನರ್ ಅದರ ತಲೆಯನ್ನು ದುಂಡಗೆ ಮಾಡುತ್ತದೆ. ನಿಪ್ಪಲ್ ಮುರಿದು ಒಳಗೇ ಉಳಿದರೆ ಕಿಟ್ಟಿನ ಯೋಚನೆ ಬಿಡಿ. ಲೇತ್ ಅಂಗಡಿಯಲ್ಲಿ ಕೊರೆಸಿ ತೆಗೆಸಬಹುದು, ಆದರೆ ಒಳಗಿನ ಸೀಟು ಉಳಿಯುವ ಖಾತ್ರಿಯಿಲ್ಲ. ನನ್ನ ಮಟ್ಟಿಗೆ ಆ ಹಂತದಲ್ಲಿ ಹೊಸ ಕ್ಯಾಲಿಪರೇ ಸರಿ.

ನಿಪ್ಪಲ್ ಸಡಿಲಾಯಿತೆಂದರೆ ಮತ್ತೆ ಬಿಗಿದು, ಕ್ಯಾಲಿಪರನ್ನು ಬ್ರಾಕೆಟ್ಟಿನಿಂದ ಕಳಚಿ ಪ್ಯಾಡ್ ತೆಗೆಯಿರಿ. ಕ್ಯಾಲಿಪರನ್ನು ಹೋಸ್ ಪೈಪಿನಲ್ಲಿ ಜೋತುಬಿಡಬೇಡಿ, ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿ. ಪೈಪ್ ಇನ್ನೂ ಕಳಚಬೇಡಿ. ಪಿಸ್ಟನ್ ಹೊರತೆಗೆಯಲು ಬ್ರೇಕ್ ಪೆಡಲಿನಷ್ಟು ಒಳ್ಳೇ ಸಾಧನ ಬೇರೆ ಇಲ್ಲ. ಕ್ಯಾಲಿಪರಿನ ಬಾಯಿಗೆ ಮರದ ತುಂಡು ಇಟ್ಟು, ಇನ್ನೊಬ್ಬರು ಪೆಡಲನ್ನು ನಿಧಾನಕ್ಕೆ ಒತ್ತಲಿ. ಪಿಸ್ಟನ್ ಹೆಚ್ಚುಕಡಿಮೆ ಪೂರ್ತಿ ಬರುವವರೆಗೆ. ಜಾಮ್ ಆದ ಪಿಸ್ಟನ್ ಕೂಡ ಇದಕ್ಕೆ ಮಣಿಯುತ್ತದೆ. ಗ್ಯಾರೇಜಿನ ಕಂಪ್ರೆಸರ್ ಗಾಳಿ ಬಳಸುವುದೇ ಆದರೆ ತೀರಾ ಕಡಿಮೆ ಒತ್ತಡದಲ್ಲಿ, ಮರದ ತುಂಡು ಇಟ್ಟು, ಬೆರಳು ದೂರವಿಟ್ಟು. ಪಿಸ್ಟನ್ ಸಿಡಿದು ಬಂದರೆ ಬೆರಳಿನ ಮೂಳೆ ಉಳಿಯುವುದಿಲ್ಲ. ಎರಡೂ ಬದಿಯ ಕೆಲಸವಿದ್ದರೆ ಒಂದು ಮುಗಿಸಿ ಇನ್ನೊಂದಕ್ಕೆ ಹೋಗಿ.

ಆಮೇಲೆ ಪೈಪ್ ಕಳಚಬೇಕು. ಡಬ್ಬಿ ಪೂರ್ತಿ ಸುರಿದುಹೋಗದಿರಲು ಒಂದು ಉಪಾಯ: ಪೆಡಲನ್ನು ಒಂದೆರಡು ಇಂಚು ಒತ್ತಿ, ಸೀಟಿಗೂ ಪೆಡಲಿಗೂ ನಡುವೆ ಕೋಲು ಕೊಟ್ಟು ಹಾಗೇ ನಿಲ್ಲಿಸಿ. ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಡಬ್ಬಿಯ ರಂಧ್ರ ದಾಟಿ ನಿಲ್ಲುವುದರಿಂದ ಆಯಿಲ್ ಕೆಳಗಿಳಿಯುವುದಿಲ್ಲ. ಬ್ರೇಕ್ ಲೈಟ್ ಉರಿಯುತ್ತಲೇ ಇರುತ್ತದೆ, ಬ್ಯಾಟರಿಯ ಮೈನಸ್ ತೆಗೆದಿಡಿ.

ಕಿಟ್ಟೋ, ಪಿಸ್ಟನ್ನೋ, ಹೊಸದೋ

ಪಿಸ್ಟನ್ನನ್ನು ಬಟ್ಟೆಯಿಂದ ಒರೆಸಿ ಬಿಸಿಲಿಗೆ ಹಿಡಿಯಿರಿ. ಉಗುರನ್ನು ಅದರ ಉದ್ದಕ್ಕೂ ಎಳೆಯಿರಿ. ಕಲೆ ಇದ್ದು ಉಗುರು ಜಾರಿಹೋದರೆ ತೊಂದರೆಯಿಲ್ಲ. ಎಲ್ಲಾದರೂ ತಡೆದರೆ ಆ ಪಿಸ್ಟನ್ ಗುಜರಿಗೆ. ಎಮರಿ ಪೇಪರ್ ಹಾಕಿ ಉಜ್ಜಿ ನಯ ಮಾಡುವುದು ಗ್ಯಾರೇಜುಗಳಲ್ಲಿ ದಿನಾ ನಡೆಯುವ ಕೆಲಸ. ಉಜ್ಜಿದಾಗ ಉಳಿದ ಕ್ರೋಮ್ ಕೂಡ ಹೋಗಿ, ಮುಂದಿನ ಮಳೆಗೆ ಮತ್ತೆ ಅದೇ ಹಾಡು.

ನಂತರ ಸೀಲಿನ ಗ್ರೂವ್. ಹಳೇ ಸೀಲನ್ನು ಮರದ ಅಥವಾ ಪ್ಲಾಸ್ಟಿಕ್ ಕಡ್ಡಿಯಿಂದ ತೆಗೆಯಿರಿ, ಸ್ಕ್ರೂಡ್ರೈವರ್ ಗೀರು ಹಾಕಿದರೆ ಅದೇ ಹೊಸ ಸೋರಿಕೆ. ಗ್ರೂವ್‌ನ ತಳದಲ್ಲಿ ಬಿಳಿ ಅಥವಾ ಕಂದು ಪುಡಿ ಗಟ್ಟಿಯಾಗಿ ಕೂತಿದ್ದರೆ ಅದು ಸೀಲನ್ನು ಮೇಲೆತ್ತಿ ಪಿಸ್ಟನ್ ಬಿಗಿಯುವಂತೆ ಮಾಡುತ್ತದೆ. ಹಿತ್ತಾಳೆ ಬ್ರಷ್‌ನಿಂದ ತಾಳ್ಮೆಯಿಂದ ತೆಗೆಯಿರಿ. ತೆಗೆದ ಮೇಲೆ ಲೋಹವೇ ತಿಂದು ಗುಳಿಯಾಗಿದೆ ಎಂದರೆ ಆಯಿಲ್ ಸೀಲಿನ ಬೆನ್ನಹಿಂದೆ ದಾಟುತ್ತದೆ, ಕ್ಯಾಲಿಪರ್ ಬದಲಿಸಿ.

ಅಂಗಡಿಯಲ್ಲಿ ಮೈನರ್ ಕಿಟ್ ಎಂದರೆ ಸಾಮಾನ್ಯವಾಗಿ ಸೀಲು, ಬೂಟು, ಪಿನ್ನಿನ ರಬ್ಬರ್. ಮೇಜರ್ ಕಿಟ್ ಎಂದರೆ ಪಿಸ್ಟನ್ ಸಮೇತ. ಪಿಸ್ಟನ್ ಚೆನ್ನಾಗಿದ್ದರೆ ಮೈನರ್ ಸಾಕು. ಹಳೇ ಪಿಸ್ಟನ್ನನ್ನೂ ಸೀಲನ್ನೂ ಕೈಯಲ್ಲೇ ಹಿಡಿದು ಹೋಗಿ, ಅಡ್ಡಳತೆ ತಾಳೆ ನೋಡಿ. ಒಂದೇ ಮಾಡೆಲ್ಲಿಗೆ ಬೇರೆ ಬೇರೆ ವರ್ಷ ಬೇರೆ ಕಂಪನಿಯ ಕ್ಯಾಲಿಪರ್ ಬಂದಿರುವುದುಂಟು. ಬೆಂಗಳೂರಿನವರಿಗೆ ಜೆ.ಸಿ. ರಸ್ತೆ ಇದೆ, ಉಳಿದ ಊರುಗಳಲ್ಲಿ ಚಾಸಿಸ್ ನಂಬರ್ ಕೊಟ್ಟು ತರಿಸುವುದೇ ಕ್ಷೇಮ. ಗುಜರಿಯಿಂದ ತಂದ ಕ್ಯಾಲಿಪರನ್ನು ಹಾಗೇ ತಂದು ಕೂರಿಸುವುದು ನನಗೆ ಒಪ್ಪಿಗೆಯಿಲ್ಲ, ಅದರ ಸೀಲಿಗೆ ನಿಮ್ಮದಷ್ಟೇ ವಯಸ್ಸು. ಆದರೆ ನಿಪ್ಪಲ್ ತಿರುಗುವ, ಗ್ರೂವ್ ಚೊಕ್ಕಟವಾಗಿರುವ ಗುಜರಿ ಕ್ಯಾಲಿಪರಿಗೆ ಮೇಜರ್ ಕಿಟ್ ಹಾಕಿದರೆ, ಹೆಸರಿಲ್ಲದ ಅಗ್ಗದ ಹೊಸದಕ್ಕಿಂತ ಎಷ್ಟೋ ವಾಸಿ.

ಒಂದು ಬದಿಯದು ಸೋರಿದರೆ ಇನ್ನೊಂದನ್ನೂ ಬಿಚ್ಚಿ. ಎರಡೂ ಒಂದೇ ರಸ್ತೆಯಲ್ಲಿ ಓಡಿವೆ. ಆಯಿಲ್ ಕುಡಿದ ಪ್ಯಾಡನ್ನು ಬೆಂಕಿಗೆ ಹಿಡಿದು ಸುಟ್ಟು, ಮೇಲೆ ಉಜ್ಜಿ ಮತ್ತೆ ಹಾಕುವ ಪದ್ಧತಿ ಇದೆ. ಆಯಿಲ್ ಒಳಗೆಲ್ಲ ಇಳಿದಿರುತ್ತದೆ, ಬಿಸಿಯಾದಾಗ ಮತ್ತೆ ಹೊರಗೆ ಬರುತ್ತದೆ. ಎರಡೂ ಚಕ್ರದ ಪ್ಯಾಡ್ ಹೊಸದಾಗಲಿ. ಡಿಸ್ಕನ್ನು ಬ್ರೇಕ್ ಕ್ಲೀನರಿನಿಂದ ತೊಳೆದು, ಅದರ ಮೇಲೆ ಒತ್ತಿರುವ ಕನಿಷ್ಠ ದಪ್ಪಕ್ಕಿಂತ ತೆಳುವಾಗಿಲ್ಲವೇ ಅಳೆದು ನೋಡಿ.

ಜೋಡಣೆ

ಒಳಭಾಗ ತೊಳೆಯಲು ಬ್ರೇಕ್ ಕ್ಲೀನರ್, ಸ್ಪಿರಿಟ್, ಇಲ್ಲವೇ ಹೊಸ ಬ್ರೇಕ್ ಆಯಿಲ್. ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆ ಬೇಡ. ಕಾರಣ ಮೇಲೆ ಹೇಳಿದ್ದೇ, ರಬ್ಬರ್ ಊದುತ್ತದೆ. ಪೂರ್ತಿ ಒಣಗಿದ ಮೇಲೆ ಸೀಲಿಗೂ ಪಿಸ್ಟನ್ನಿಗೂ ಹೊಸ ಬ್ರೇಕ್ ಆಯಿಲ್ ಸವರಿ, ಸೀಲನ್ನು ಬೆರಳಿನಿಂದಲೇ ಗ್ರೂವ್‌ಗೆ ಕೂರಿಸಿ. ಸುತ್ತಲೂ ಬೆರಳಾಡಿಸಿ, ತಿರುಚಿರಬಾರದು. ಅಂಚು ಗ್ರೂವ್‌ನೊಳಗೆ ಸೇರುವ ಬಗೆಯ ಬೂಟ್ ಆದರೆ ಅದನ್ನು ಮೊದಲು ಪಿಸ್ಟನ್ನಿನ ಒಳತುದಿಗೆ ತೊಡಿಸಿ, ಬೂಟಿನ ಹೊರ ಅಂಚನ್ನು ಕ್ಯಾಲಿಪರಿನ ಗ್ರೂವ್‌ಗೆ ಸೇರಿಸಿ, ಆಮೇಲೆ ಪಿಸ್ಟನ್ನನ್ನು ನೆಟ್ಟಗೆ ಒತ್ತಿ. ಎರಡು ಹೆಬ್ಬೆರಳಿನ ಬಲಕ್ಕೆ ಅದು ಜಾರಿ ಹೋಗಬೇಕು. ಕ್ಲಾಂಪ್ ಬೇಕೆನಿಸಿದರೆ ಓರೆಯಾಗಿದೆ ಎಂದು ಅರ್ಥ, ಹೊರಗೆ ತೆಗೆದು ಮತ್ತೆ ಹಾಕಿ.

ಜಾರುವ ಪಿನ್ನುಗಳನ್ನು ಮರೆಯಬೇಡಿ. ಹಳೇ ಗ್ರೀಸ್ ಒರೆಸಿ, ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್ ತೆಳ್ಳಗೆ ಹಚ್ಚಿ. ಚಕ್ರದ ಬೇರಿಂಗಿನ ಗ್ರೀಸ್ ಹಾಕಿದರೆ ಪಿನ್ನಿನ ರಬ್ಬರ್ ಊದಿ ಕ್ಯಾಲಿಪರ್ ಅಲ್ಲೇ ಕಚ್ಚಿಕೊಳ್ಳುತ್ತದೆ. ಮೇಲಿನ ಪಿನ್ನೂ ಕೆಳಗಿನ ಪಿನ್ನೂ ಬೇರೆ ಆಕಾರದವು ಇರಬಹುದು, ಬಿಚ್ಚುವಾಗಲೇ ಒಂದು ಫೋಟೋ ತೆಗೆದಿಡಿ. ಹೋಸ್ ಪೈಪಿಗೆ ಹೊಸ ತಾಮ್ರದ ವಾಷರ್. ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಪೈಪ್ ತಿರುಚುವುದೋ ಟಯರಿಗೆ ತಾಗುವುದೋ ನೋಡಿ. ಬೋಲ್ಟುಗಳ ಬಿಗಿತ ಆಯಾ ಮಾಡೆಲ್ಲಿನ ಸರ್ವಿಸ್ ಮ್ಯಾನುಯಲ್ಲಿನಂತೆ, ಟಾರ್ಕ್ ರೆಂಚಿನಲ್ಲಿ.

ಗಾಳಿ ತೆಗೆಯುವುದು

ಆಯಿಲ್ ಯಾವುದೆಂದು ಡಬ್ಬಿಯ ಮುಚ್ಚಳದ ಮೇಲೆ ಬರೆದಿರುತ್ತದೆ. ಸೀಲ್ ಒಡೆಯದ ಬಾಟಲಿಯೇ ಬೇಕು. ಕಳೆದ ವರ್ಷ ಅರ್ಧ ಬಳಸಿ ಕಪಾಟಿನಲ್ಲಿಟ್ಟಿದ್ದು ಅಷ್ಟರಲ್ಲಿ ತೇವ ಕುಡಿದಿರುತ್ತದೆ. ಡಾಟ್ 5 ಸಿಲಿಕೋನ್ ಜಾತಿಯದು, ಇದರೊಂದಿಗೆ ಬೆರೆಸಬಾರದು. 5.1 ಬೇರೆ, ಅದು ಗ್ಲೈಕಾಲ್.

ಬಲಗೈ ಸ್ಟೀರಿಂಗಿನ ನಮ್ಮ ಗಾಡಿಗಳಲ್ಲಿ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ್ದು ಎಡ ಹಿಂದಿನ ಚಕ್ರ. ಅಲ್ಲಿಂದ ಶುರುಮಾಡಿ ಹತ್ತಿರದ್ದಕ್ಕೆ ಬರುವುದು ರೂಢಿ, ಮ್ಯಾನುಯಲ್ ಬೇರೆ ಹೇಳಿದರೆ ಅದರಂತೆ. ನಿಪ್ಪಲಿಗೆ ಪಾರದರ್ಶಕ ಪೈಪ್ ಸಿಕ್ಕಿಸಿ, ಇನ್ನೊಂದು ತುದಿಯನ್ನು ಸ್ವಲ್ಪ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಿ. ಒಬ್ಬರು "ಒತ್ತಿದೆ" ಎಂದಾಗ ಇನ್ನೊಬ್ಬರು ಸಡಿಲಿಸಬೇಕು, "ಬಿಗಿದೆ" ಎಂದ ಮೇಲೆಯೇ ಪೆಡಲ್ ಬಿಡಬೇಕು. ಗುಳ್ಳೆ ನಿಲ್ಲುವವರೆಗೆ ಇದೇ. ನಡುವೆ ಡಬ್ಬಿ ಖಾಲಿಯಾದರೆ ಮೊದಲಿಂದ ಶುರು.

ಹಳೇ ಗಾಡಿಯಲ್ಲಿ ಪೆಡಲನ್ನು ತಳಕ್ಕೆ ಒತ್ತಬೇಡಿ. ದಿನನಿತ್ಯದ ಬಳಕೆಯಲ್ಲಿ ಮಾಸ್ಟರ್ ಸಿಲಿಂಡರಿನ ಸೀಲು ಅರ್ಧ ದಾರಿಯಷ್ಟೇ ಓಡಾಡುತ್ತದೆ, ಉಳಿದ ಭಾಗದಲ್ಲಿ ವರ್ಷಗಳ ಕೊಳೆ, ತುಕ್ಕು. ತಳದವರೆಗೆ ತಳ್ಳಿದರೆ ಸೀಲು ಅದರ ಮೇಲೆ ಹರಿದು ಹಾಳಾಗುತ್ತದೆ. ಪೆಡಲಿನ ಕೆಳಗೆ ಮರದ ತುಂಡೊಂದನ್ನು ಇಡಿ. ಎಬಿಎಸ್ (ಜೋರು ಬ್ರೇಕಿನಲ್ಲಿ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಗಾಡಿಯಲ್ಲಿ ಅದರ ಯೂನಿಟ್ಟಿನೊಳಗೆ ಗಾಳಿ ಸೇರಿದ್ದರೆ ಸ್ಕ್ಯಾನರ್ ಇರುವ ಗ್ಯಾರೇಜಿಗೆ ಹೋಗಬೇಕಾಗಬಹುದು.

ಪೆಡಲ್ ಗಟ್ಟಿಯಾದ ಮೇಲೆ ಇಂಜಿನ್ ಸ್ಟಾರ್ಟ್ ಮಾಡಿ, ಬಲವಾಗಿ ಒತ್ತಿ ಹಿಡಿದು, ಎಲ್ಲ ಜೋಡಣೆಗಳನ್ನೂ ಟಿಶ್ಯೂ ಪೇಪರಿನಿಂದ ಮುಟ್ಟಿ ನೋಡಿ. ಆಮೇಲೆ ಖಾಲಿ ರಸ್ತೆಯಲ್ಲಿ 50 ಕಿ.ಮೀ. ವೇಗದಿಂದ 10ಕ್ಕೆ ಹದವಾಗಿ ಕೆಲವು ಸಲ ಇಳಿಸಿ. ಹೊಸ ಪ್ಯಾಡ್ ಡಿಸ್ಕಿಗೆ ಒಗ್ಗಿಕೊಳ್ಳಲಿ.

ಇಷ್ಟಾದ ಮೇಲೂ ತೊಂದರೆ ಉಳಿದರೆ

ಎಷ್ಟು ಸಲ ಗಾಳಿ ತೆಗೆದರೂ ಪೆಡಲ್ ಮೆತ್ತಗೇ ಇದ್ದರೆ ನಿಪ್ಪಲ್ ಎಲ್ಲಿದೆ ನೋಡಿ. ಅದು ಕ್ಯಾಲಿಪರಿನ ಮೇಲ್ತುದಿಯಲ್ಲಿ ಇರಬೇಕು. ಕೆಳಗಿದ್ದರೆ ಎಡದ ಕ್ಯಾಲಿಪರ್ ಬಲಕ್ಕೆ, ಬಲದ್ದು ಎಡಕ್ಕೆ ಕೂತಿದೆ. ಗಾಳಿ ಮೇಲೆ ಉಳಿದು ಕೆಳಗಿನಿಂದ ಬರೀ ಆಯಿಲ್ ಬರುತ್ತದೆ. ಹೊಸ ಜೋಡಿ ಹಾಕಿದಾಗ ಇದು ಆಗುವುದು ಅಪರೂಪವೇನಲ್ಲ.

ಮೊದಲ ತುಳಿತಕ್ಕೆ ಪೆಡಲ್ ಕೆಳಗಿದ್ದು, ಎರಡನೆಯದಕ್ಕೆ ಮೇಲೆ ಬಂದು ಕಲ್ಲಿನಂತೆ ಗಟ್ಟಿಯಾದರೆ ಅದು ಗಾಳಿಯಲ್ಲ, ಹಿಂದಿನ ಡ್ರಮ್ಮಿನ ಲೈನರ್ ದೂರವಿದೆ. ಅಡ್ಜಸ್ಟ್ ಮಾಡಿಸಿ.

ಹೊಸ ಸೀಲು, ಹೊಸ ಪಿಸ್ಟನ್ ಹಾಕಿದರೂ ಚಕ್ರ ಬಿಸಿಯಾಗಿ ಹಿಡಿದುಕೊಂಡೇ ಇದೆಯೇ? ಆ ಸ್ಥಿತಿಯಲ್ಲೇ ಚಕ್ರ ಎತ್ತಿ ಬ್ಲೀಡರ್ ನಿಪ್ಪಲ್ ಸಡಿಲಿಸಿ. ಆಯಿಲ್ ಚಿಮ್ಮಿ ಚಕ್ರ ಸಲೀಸಾಗಿ ತಿರುಗಿತೆಂದರೆ ಒತ್ತಡ ಒಳಗೆ ಸಿಕ್ಕಿಕೊಂಡಿತ್ತು. ಹಳೇ ಹೋಸ್ ಪೈಪ್ ಒಳಗೇ ಊದಿ, ಆಯಿಲನ್ನು ಹೋಗಲು ಬಿಟ್ಟು ಹಿಂದೆ ಬರಲು ಬಿಡದಿರುವುದು ಇದಕ್ಕೆ ದೊಡ್ಡ ಕಾರಣ. ಪೈಪ್ ಹೊರಗೆ ಎಷ್ಟು ಚೆನ್ನಾಗಿ ಕಂಡರೂ ಬದಲಿಸಿ. ನಿಪ್ಪಲ್ ಬಿಟ್ಟರೂ ಚಕ್ರ ಬಿಗಿಯೇ ಆದರೆ ಪಿನ್ನು ಅಥವಾ ಪಿಸ್ಟನ್ ಕಚ್ಚಿಕೊಂಡಿದೆ.

ಕ್ಯಾಲಿಪರ್ ಪೂರ್ತಿ ಒಣಗಿದೆ, ಗಾಳಿ ಇಲ್ಲ, ಆದರೆ ಕೆಲಸ ಮುಗಿದ ಕೆಲವೇ ದಿನದಲ್ಲಿ ಸಿಗ್ನಲ್ಲಿನಲ್ಲಿ ನಿಂತಾಗ ಪೆಡಲ್ ಮೆಲ್ಲಗೆ ಜಾರಿ ಕೆಳಗಿಳಿಯುತ್ತದೆ ಎಂದರೆ ಮಾಸ್ಟರ್ ಸಿಲಿಂಡರ್. ಗಾಳಿ ತೆಗೆಯುವಾಗ ಯಾರೋ ತಳದವರೆಗೆ ತುಳಿದಿರುತ್ತಾರೆ. ಅದಕ್ಕೂ ಕಿಟ್ ಸಿಗುತ್ತದೆ, ಆದರೆ ಅಲ್ಲಿ ಸೀಲು ಗೋಡೆಗೆ ಉಜ್ಜುತ್ತದೆ; ಗೋಡೆಯಲ್ಲಿ ಗೀರಿದ್ದರೆ ಕಿಟ್ ಹಾಕಿ ಪ್ರಯೋಜನವಿಲ್ಲ, ಸಿಲಿಂಡರನ್ನೇ ಬದಲಿಸಿ.